ಗುರುತು ಹಿಡಿದ ಮೇಲೆ ಪಂಪು ಎತ್ತೋಣ

ಬೇಸಿಗೆಯ ಕೊನೆಗೆ ಎರಡು ಮಳೆ ಬಿತ್ತೆಂದರೆ ನಮ್ಮ ಕರಾವಳಿಯಲ್ಲಿ ಲಿಂಬೆ, ಕರಿಬೇವು ಚಿಗುರುತ್ತವೆ. ಚಿಗುರಿನ ಬೆನ್ನಿಗೇ ಚಿಟ್ಟೆ ಬಂದು ಮೊಟ್ಟೆಯಿಡುತ್ತದೆ. ಸ್ವಲ್ಪ ದಿನದಲ್ಲಿ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ. ಬೆಳೆದಂತೆ ಅದೇ ಹಸಿರಾಗುತ್ತದೆ.

ಮೂರು ವರ್ಷದ ಹಿಂದೆ ಈ ಹುಳ ಕಂಡದ್ದೇ ನಾನು ಪಂಪು ಹೆಗಲಿಗೇರಿಸಿದೆ. ಹುಳ ಸತ್ತದ್ದು ಹೌದು. ಆದರೆ ಪಕ್ಕದ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ್ದ ಟುವ್ವಿ ಹಕ್ಕಿಯ ಮರಿಗಳೂ ಮರುದಿನ ಸತ್ತಿದ್ದವು. ತಾಯಿ ಆ ಗಿಡಗಳಿಂದಲೇ ಹುಳ ಹೆಕ್ಕಿ ಉಣಿಸುವುದನ್ನು ದಿನಾ ನೋಡುತ್ತಿದ್ದೆ. ಸಂಬಳವಿಲ್ಲದ ಆಳನ್ನು ನಾನೇ ಓಡಿಸಿದ ಹಾಗಾಯಿತು. "ಇದ್ದದ್ದು ಐದು ಗಿಡ, ಕೈಯಲ್ಲಿ ಹೆಕ್ಕಿದ್ರೆ ಸಾಕಿತ್ತಲ್ಲ? ಇನ್ನು ಒಗ್ಗರಣೆಗೆ ಸೊಪ್ಪು ಎಲ್ಲಿಂದ ತರ್ಲಿ?" ಎಂದಳು ಮನೆಯಾಕೆ. ಉತ್ತರವಿರಲಿಲ್ಲ.

ಬೇಲಿ ಸವರುವಾಗಲೂ ಇದೇ ಕಥೆ. ಈಶ್ವರಬಳ್ಳಿಯನ್ನು ಕಳೆಯೆಂದು ಕಡಿಯುತ್ತೇವೆ. ಸದರ್ನ್ ಬರ್ಡ್‌ವಿಂಗ್, ಅಂದರೆ ನಮ್ಮ ರಾಜ್ಯದ ಚಿಟ್ಟೆ, ಕಪ್ಪು-ಹೊಂಬಣ್ಣದ್ದು, ರೆಕ್ಕೆ ಬಿಚ್ಚಿದರೆ ಅರ್ಧ ಅಡಿ. ಅದರ ಮರಿಹುಳ ತಿನ್ನುವುದು ಈ ಜಾತಿಯ ಬಳ್ಳಿಗಳನ್ನೇ. ಕೆಂಪು ಮೈಯ ರೋಸ್ ಚಿಟ್ಟೆಗಳಿಗೂ ಇದೇ ಆಹಾರ. ಬಳ್ಳಿಯ ವಿಷ ಮೈಗೂಡುವುದರಿಂದ ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ. ಲಿಂಬೆಗೆ ಬರುವ ಮಾರ್ಮನ್ ಚಿಟ್ಟೆಯ ಹೆಣ್ಣು ಎಷ್ಟೋ ಸಲ ಇವುಗಳದೇ ವೇಷ ಹಾಕಿ ಬದುಕಿಕೊಳ್ಳುತ್ತದೆ! ಮೈ ನೋಡಿ: ಕೆಂಪಿದ್ದರೆ ರೋಸ್, ಕಪ್ಪಿದ್ದರೆ ಮಾರ್ಮನ್.

ಹಕ್ಕಿಗಳಲ್ಲೂ ಹಾಗೆ. ಕಪ್ಪಗಿದ್ದದ್ದೆಲ್ಲ ಕಾಗೆಯಲ್ಲ. ಬಾಲ ಕವಲೊಡೆದಿದ್ದರೆ ಕಾಜಾಣ, ಹಾರುವ ಹುಳ ಹಿಡಿಯುವವ. ಕಣ್ಣು ಕೆಂಪಗಿದ್ದರೆ ಗಂಡು ಕೋಗಿಲೆ. ಮೈತುಂಬ ಬಿಳಿ ಚುಕ್ಕೆಯ ಕಂದು ಹಕ್ಕಿ ಅದರ ಹೆಣ್ಣು. ಬೇರೆ ಜಾತಿಯೆಂದೇ ನಾನು ಬಹುಕಾಲ ತಿಳಿದಿದ್ದೆ.

"ಚಿಟ್ಟೆ ನೋಡ್ತಾ ಕೂತ್ರೆ ಹೊಟ್ಟೆ ತುಂಬ್ತದಾ?" ಎಂದು ಕೇಳುವವರಿದ್ದಾರೆ. ನ್ಯಾಯವೇ. ನರ್ಸರಿಯ ಎಳೆ ಸಸಿಯನ್ನು ನಾಲ್ಕು ಹುಳ ಬೋಳಿಸಿಬಿಡುತ್ತವೆ, ಅಲ್ಲಿ ಬಿಡಬೇಕೆಂದು ನಾನೂ ಹೇಳುವುದಿಲ್ಲ. ಬೆಳಿಗ್ಗೆ ಕೈಯಲ್ಲಿ ಹೆಕ್ಕಿ. ಆದರೆ ದೊಡ್ಡ ಗಿಡ ಹತ್ತು ಎಲೆ ಕಳಕೊಂಡರೆ ಮತ್ತೆ ಚಿಗುರುತ್ತದೆ. ಅದಕ್ಕೆ ವಿಷದ ಖರ್ಚು ಯಾಕೆ?

ನನ್ನ ಸಲಹೆ ಇಷ್ಟೇ. ಈ ಬೇಸಿಗೆಯ ಕೊನೆಗೆ ಮೊದಲ ಹುಳ ಎಂದು ಕಂಡಿತು, ಯಾವ ಗಿಡದಲ್ಲಿ, ಯಾವ ಹಕ್ಕಿ ಹೆಕ್ಕಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಮಕ್ಕಳನ್ನು ಕೇಳಿ. ಬೇಲಿಯ ಒಂದು ಮೂಲೆಯಲ್ಲಿ ಈಶ್ವರಬಳ್ಳಿ ಇರಲಿ. ನನ್ನ ಬೇಲಿಯಲ್ಲಿ ಈಗ ಎರಡು ಬುಡ ಇವೆ. ಟುವ್ವಿ ಮಾತ್ರ ಆ ಗಿಡಕ್ಕೆ ಇನ್ನೂ ಬಂದಿಲ್ಲ.