ಬಾಗಿಲಿಗೊಂದು ಕಾನೂನು, ಮನೆಗೊಂದು ಕಾನೂನು

"ಅಲ್ಲಿ ಕೆಲಸಕ್ಕೆ ಜನರಿಲ್ಲ ಎನ್ನುತ್ತಾರೆ; ಹಾಗಿದ್ದೂ ವೀಸಾ ನಿಯಮಗಳನ್ನು ಬಿಗಿಗೊಳಿಸುತ್ತಿರುವುದೇಕೆ?" ಬ್ರಿಟನ್ನಿಗೆ ಬರಬಯಸುವ ತರುಣರೂ ಅವರ ತಂದೆತಾಯಿಗಳೂ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯಿದು. ಇದಕ್ಕೆ ಉತ್ತರದ ಸುಳಿವು ಒಂದು ವಿಡಿಯೊ ಗೇಮಿನಲ್ಲಿದೆ ಎಂದರೆ ಹಿರಿಯರು ನಕ್ಕಾರು. ಆದರೂ ಹೇಳುತ್ತೇನೆ.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಹೊರತಂದ 'ವಿಕ್ಟೋರಿಯಾ 3' ಎಂಬ ಆಟದಲ್ಲಿ 1836ರಿಂದ 1936ರವರೆಗೆ ಒಂದು ದೇಶವನ್ನು ನಡೆಸಬೇಕು. ಯುದ್ಧವೂ ಉಂಟು, ಆದರೆ ದಂಡನಾಯಕನನ್ನು ರಣರಂಗಕ್ಕೆ ನಿಯೋಜಿಸಿದ ಮೇಲೆ ಆಟಗಾರನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆಟದ ಜೀವಾಳವಿರುವುದು ಧಾನ್ಯ, ಬಟ್ಟೆ, ಕಲ್ಲಿದ್ದಲುಗಳ ಬೆಲೆಯಲ್ಲಿ, ತೆರಿಗೆಯಲ್ಲಿ, ಕಾನೂನಿನಲ್ಲಿ. ಪ್ರಜೆಗಳು ವೃತ್ತಿ, ಸಂಸ್ಕೃತಿ, ಧರ್ಮಗಳಿಗೆ ಅನುಗುಣವಾಗಿ ಗುಂಪುಗಳಾಗಿದ್ದಾರೆ. ಜೀವನಮಟ್ಟ ಕುಸಿದರೆ ಅವರು ರೊಚ್ಚಿಗೇಳುತ್ತಾರೆ. ಬೇರೆಡೆ ಬದುಕು ಹಸನಾಗಿ ಕಂಡರೆ ವಲಸೆ ಹೋಗುತ್ತಾರೆ.

ದೊರೆಯ ಸ್ಥಾನದಲ್ಲಿ ಕುಳಿತ ಆಟಗಾರನೂ ಮನಬಂದಂತೆ ಕಾನೂನು ಮಾಡಲಾರ. ಭೂಮಾಲೀಕರು, ಉದ್ಯಮಿಗಳು, ಕಾರ್ಮಿಕ ಸಂಘಗಳು, ಧರ್ಮಸಂಸ್ಥೆಗಳು ಹೀಗೆ ಹಲವು ಹಿತಾಸಕ್ತಿಗಳು ಹಗ್ಗ ಜಗ್ಗುತ್ತಿರುತ್ತವೆ. ಬಲಿಷ್ಠ ಗುಂಪನ್ನು ಕೆರಳಿಸಿದರೆ ದಂಗೆಯೇ ಎದ್ದೀತು. ಇದು ಬರಿಯ ಕಲ್ಪನೆಯಲ್ಲ. ಆಮದು ಧಾನ್ಯದ ಮೇಲೆ ಸುಂಕ ಹೇರಿ ಭೂಮಾಲೀಕರನ್ನು ಕಾಪಾಡುತ್ತಿದ್ದ ಧಾನ್ಯ ಕಾಯ್ದೆಗಳನ್ನು 1846ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ರದ್ದುಪಡಿಸಿದಾಗ ಅವರ ಕನ್ಸರ್ವೇಟಿವ್ ಪಕ್ಷವೇ ಇಬ್ಭಾಗವಾಯಿತು.

ನನ್ನ ದೃಷ್ಟಿಯಲ್ಲಿ ಆಟದ ಅತ್ಯಂತ ಅರ್ಥಪೂರ್ಣ ಸಂಗತಿ ಬೇರೆಯದು. ಹೊರಗಿನವರನ್ನು ದೇಶದೊಳಕ್ಕೆ ಬಿಡುವುದು ಒಂದು ಕಾನೂನು. ಒಳಗೆ ಬಂದವರನ್ನು ಸಮಾನರೆಂದು ಒಪ್ಪುವುದು ಇನ್ನೊಂದು ಕಾನೂನು. ಮೊದಲನೆಯದು ಬಾಗಿಲಿನದು, ಎರಡನೆಯದು ಮನೆಯದು. ಬಾಗಿಲು ತೆರೆದಿರುವಾಗಲೂ ಮನೆ ನಮ್ಮದಾಗದಿರಬಹುದು.

ಇಂದಿನ ಬ್ರಿಟನ್ನನ್ನು ಈ ಬೆಳಕಿನಲ್ಲಿ ನೋಡೋಣ. ವೃದ್ಧರ ಆರೈಕೆಗೆ ಜನ ಸಾಲದಾದಾಗ 2022ರ ಫೆಬ್ರುವರಿಯಲ್ಲಿ ಆರೈಕೆ ಕಾರ್ಯಕರ್ತರಿಗೆ ವೀಸಾ ತೆರೆಯಿತು. 2024ರ ಮಾರ್ಚ್ 11ರಿಂದ, ಹೊಸದಾಗಿ ಬರುವ ಈ ಕಾರ್ಯಕರ್ತರು ಸಂಗಾತಿಯನ್ನೂ ಮಕ್ಕಳನ್ನೂ ಕರೆತರುವಂತಿಲ್ಲ ಎಂದಾಯಿತು. 2025ರ ಜುಲೈ 22ರಂದು ವಿದೇಶದಿಂದ ಹೊಸ ನೇಮಕಾತಿಯೇ ನಿಂತಿತು. ಮೂರೂವರೆ ವರ್ಷದೊಳಗೆ ತೆರೆದ ಬಾಗಿಲು ಮುಚ್ಚಿತು. ಈ ನಡುವೆ ವೃದ್ಧರ ಸಂಖ್ಯೆಯೇನೂ ಕುಗ್ಗಲಿಲ್ಲ. ರಾಜಕೀಯದ ತಕ್ಕಡಿ ಮಾತ್ರ ವಾಲಿತು. ಕೆಲಸಗಾರರಿಗಾಗಿ ಕಾತರಿಸುವ ಆರೈಕೆ ಕೇಂದ್ರಗಳ ಮಾತಿಗಿಂತ, ವಲಸೆಯ ಅಂಕಿಗಳನ್ನು ಕಂಡು ಸಿಟ್ಟಾದ ಮತದಾರನ ಮಾತು ಭಾರವಾಯಿತು. ಇನ್ನು ಮನೆಯ ಕಾನೂನು: 2025ರ ಮೇ ತಿಂಗಳ ಶ್ವೇತಪತ್ರವು ಶಾಶ್ವತ ವಾಸದ ಹಕ್ಕಿಗೆ ಕಾಯಬೇಕಾದ ಸಾಮಾನ್ಯ ಅವಧಿಯನ್ನು 5 ವರ್ಷದಿಂದ 10ಕ್ಕೆ ಏರಿಸುವ ಪ್ರಸ್ತಾವವನ್ನು ಮುಂದಿಟ್ಟಿತು.

ವೈದ್ಯರಿಗೂ ಇದು ಹೊಸದಲ್ಲ. 2006ರಲ್ಲಿ ಇಲ್ಲಿಯ ಸರ್ಕಾರ, ವಿದೇಶಿ ವೈದ್ಯರು ಕೆಲಸದ ಪರವಾನಗಿಯಿಲ್ಲದೆ ತರಬೇತಿ ಪಡೆಯುತ್ತಿದ್ದ ವ್ಯವಸ್ಥೆಯನ್ನು ಹಠಾತ್ತಾಗಿ ಕೊನೆಗಾಣಿಸಿತು. ಪರೀಕ್ಷೆ ಮುಗಿಸಿ, ಸಾಲ ಮಾಡಿ ಬಂದಿದ್ದ ಭಾರತೀಯ ವೈದ್ಯರು ನಡುನೀರಿನಲ್ಲಿ ಉಳಿದರು. ಭಾರತೀಯ ಮೂಲದ ವೈದ್ಯರ ಸಂಘಟನೆ ಬಾಪಿಯೊ ನ್ಯಾಯಾಲಯದ ಮೆಟ್ಟಿಲೇರಿತು. ಆಸ್ಪತ್ರೆಗಳ ನೇಮಕಾತಿಯಲ್ಲಿ ಇಂಥ ವೈದ್ಯರನ್ನು ಹಿಂದೆ ಸರಿಸುತ್ತಿದ್ದ ಆರೋಗ್ಯ ಇಲಾಖೆಯ ಮಾರ್ಗಸೂಚಿ ಕಾನೂನುಬಾಹಿರವೆಂದು 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನ್ಯಾಯ ದೊರೆಯಿತು, ಆದರೆ ಎರಡು ವರ್ಷಗಳು ಕಳೆದಿದ್ದವು. ತರಬೇತಿಯ ಹಂತದಲ್ಲಿರುವ ವೈದ್ಯನಿಗೆ ಎರಡು ವರ್ಷವೆಂದರೆ ಸಣ್ಣ ಅವಧಿಯಲ್ಲ.

ಆಟಕ್ಕೂ ಬಾಳಿಗೂ ಇರುವ ಅಂತರ ಇಲ್ಲಿ ತೋರುತ್ತದೆ. ಆಟಗಾರನಿಗೆ ಎಲ್ಲ ಲೆಕ್ಕಗಳೂ ಪರದೆಯ ಮೇಲೆ ಕಾಣುತ್ತವೆ. ಎಡವಿದರೆ ಹಳೆಯ ಘಟ್ಟಕ್ಕೆ ಹಿಂದಿರುಗಿ ಮತ್ತೆ ಆಡಬಹುದು. ಆ ಲೆಕ್ಕದೊಳಗಿನ ಒಂದು ಅಂಕಿಯಾಗಿ ವಿಮಾನ ಹತ್ತಿದವನಿಗೆ ಆ ಸೌಲಭ್ಯವಿಲ್ಲ. ತೋಟ ಒತ್ತೆಯಿಟ್ಟು ಬಂದವಳು ಮಗುವನ್ನು ಕರೆಸಿಕೊಳ್ಳಲಾಗದೆ ಹೋದರೆ, ಕಳೆದುಹೋದ ಆ ಬಾಲ್ಯವನ್ನು ಯಾರೂ ಮರಳಿಸಲಾರರು.

ಆದ್ದರಿಂದ ಹೊರಡುವವರು ಸಂಬಳದ ಜೊತೆಗೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಬಾಗಿಲು ಯಾರ ಅಗತ್ಯಕ್ಕಾಗಿ ತೆರೆದಿದೆ? ಮುಂದಿನ ಚುನಾವಣೆಯಲ್ಲಿ ಅವರ ಮಾತಿಗೆ ತೂಕವಿರುತ್ತದೆಯೇ? ಕುಟುಂಬವನ್ನು ಕರೆತರುವ ಹಕ್ಕು ಇಂದಿನ ನಿಯಮದಲ್ಲಿದೆಯೇ, ಇಲ್ಲವೇ ಏಜೆಂಟನ ಬಾಯಿಮಾತಿನಲ್ಲಿ ಮಾತ್ರವೇ? ನಿಯಮ ನಡುದಾರಿಯಲ್ಲಿ ಬದಲಾದರೆ ಊರಿಗೆ ಮರಳಲು ಕೈಯಲ್ಲಿ ಏನು ಉಳಿದಿರುತ್ತದೆ?

ಬರಬೇಡಿ ಎಂದು ನಾನು ಹೇಳಲಾರೆ. ಈ ದೇಶ ನನಗೂ ಅನ್ನವಿಟ್ಟಿದೆ. ಬಾಗಿಲು ತೆರೆದ ಕೈಯೇ ಅದನ್ನು ಮುಚ್ಚಬಲ್ಲದು ಎಂಬ ಅರಿವಿನೊಂದಿಗೆ ಬನ್ನಿ ಎಂದಷ್ಟೇ ಹೇಳುತ್ತೇನೆ.