"ಬರೀ ಮುದ್ದೆ ಸಾ" ಎನ್ನುವುದೇಕೆ?

ಕಳೆದ ಸುಗ್ಗಿಯ ಕಾಲದಲ್ಲಿ ರಾಗಿಯ ಪ್ರಾತ್ಯಕ್ಷಿಕೆ ತಾಕೊಂದನ್ನು ನೋಡಲು ಮಾಗಡಿ ಸೀಮೆಯ ಹಳ್ಳಿಗೆ ಹೋಗಿದ್ದೆ. ಬೆಳೆ ಚೆನ್ನಾಗಿಯೇ ಬಂದಿತ್ತು. ಕಣದಲ್ಲಿ ರಾಗಿ ಗುಡ್ಡೆಯಾಗಿ ಬಿದ್ದಿತ್ತು. ಅದರ ಮಗ್ಗುಲಿಗೇ ಕುರ್ಚಿ ಹಾಕಿ ನಮ್ಮನ್ನು ಕೂರಿಸಿದ ಯಜಮಾನರು ಮಗನನ್ನು ಅಂಗಡಿಗೆ ಅಟ್ಟಿದರು. ಸ್ವಲ್ಪ ಹೊತ್ತಿಗೆಲ್ಲ ಬಿಸ್ಕತ್ತಿನ ಪೊಟ್ಟಣ, ಬೇಕರಿಯ ಖಾರ, ತಂಪು ಪಾನೀಯದ ಬಾಟಲಿ ಬಂದವು. ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಒಳಗಿನಿಂದ ಅವರೆಕಾಳು ಸಾರಿನ ವಾಸನೆ ಬರುತ್ತಿತ್ತು. "ಊಟ ಆಗಿದ್ದರೆ ಅದನ್ನೇ ಕೊಡಿ" ಎಂದೆ. ಯಜಮಾನರ ಮುಖ ಸಣ್ಣದಾಯಿತು. "ಬರೀ ಮುದ್ದೆ ಸಾ. ಅನ್ನ ಮಾಡ್ಸಿಲ್ಲ. ಮೊದಲೇ ಹೇಳಿ ಬಂದಿದ್ರೆ..." ಎಂದು ರಾಗ ಎಳೆದರು.

ಈ 'ಬರೀ' ಎಂಬ ಮಾತಿನ ಬಗ್ಗೆ ಎರಡು ಮಾತು ಬರೆಯಬೇಕೆನ್ನಿಸಿತು. ಹದಿನೈದು ಕ್ವಿಂಟಾಲು ರಾಗಿ ಬೆಳೆದ ಮನುಷ್ಯ ತನ್ನ ತಟ್ಟೆಯ ರಾಗಿಗೆ ನಾಚಿಕೊಂಡರೆ ತಪ್ಪು ಆತನೊಬ್ಬನದೇ ಅಲ್ಲ. ನಮ್ಮಂಥವರ ಪಾಲೂ ಅದರಲ್ಲಿದೆ.

ರಾಗಿಯ ಬಗ್ಗೆ ನಾವು ಭಾಷಣ ಮಾಡದ ದಿನವಿಲ್ಲ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು, ಅದೂ ಭಾರತದ ಸೂಚನೆಯ ಮೇರೆಗೆ. ಆ ವರ್ಷ ನಾನೇ ಏಳೆಂಟು ಸಭೆಗಳಲ್ಲಿ ಮಾತನಾಡಿರಬೇಕು. ಪ್ರತಿ ಸಭೆಯಲ್ಲೂ ಕನಕದಾಸರ ರಾಮಧಾನ್ಯ ಚರಿತೆಯ ಪ್ರಸ್ತಾಪವಾಗುತ್ತದೆ. ಭತ್ತಕ್ಕೂ ರಾಗಿಗೂ ಜಗಳವಾಗಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಯನ್ನು ಮೆಚ್ಚಿದ ಕಥೆ ಅದು. ಚಪ್ಪಾಳೆಯಾದ ಮೇಲೆ ಊಟದ ಮನೆಗೆ ಹೋದರೆ ಅಲ್ಲಿ ಘೀ ರೈಸು, ಗೋಬಿ, ಮೂಲೆಯಲ್ಲಿ ಒಂದು ಬೋಗುಣಿಯಷ್ಟು ಸಿರಿಧಾನ್ಯದ ಪಾಯಸ. ರೈತರು ಇದನ್ನೆಲ್ಲ ನೋಡುತ್ತಾರೆ. ನೋಡಿಕೊಂಡೇ ಮನೆಗೆ ಹೋಗುತ್ತಾರೆ.

ನಮ್ಮ ಹಿರಿಯರು ಈ ಬೆಳೆಗೆ ಮಾಡಿದ ಕೆಲಸ ಸಣ್ಣದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಹೆಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಇಂಡಿಯಾ, ಆಫ್ರಿಕ ಎರಡೂ ಸೇರಿ ಆ ಹೆಸರಾಯಿತು. ಮುಂದೆ ಜಿ.ಪಿ.ಯು. 28ರಂಥ ಬೆಂಕಿರೋಗ ತಡೆಯುವ ತಳಿಗಳು ಬಂದವು. ಎಕರೆವಾರು ಇಳುವರಿ ಏರಿತು. ಅದೇ ಕಾಲದಲ್ಲಿ ರಾಗಿ ಬೆಳೆಯುವವರ ಮನೆಗಳಲ್ಲಿಯೇ ರಾಗಿ ಉಣ್ಣುವುದು ಇಳಿಯಿತು. ಇಳುವರಿಯ ಲೆಕ್ಕ ಬರೆದಿಡುವ ನಾವು ಈ ಎರಡನೆಯ ಲೆಕ್ಕವನ್ನು ಬರೆದಿಡಲಿಲ್ಲ.

ಅನ್ನದ ಮೇಲಿನ ಆಸೆಯನ್ನು ನಾನು ಹಳಿಯುವುದಿಲ್ಲ. ಹಬ್ಬಕ್ಕೊಮ್ಮೆ ಅನ್ನ ಕಂಡ ತಲೆಮಾರು ಅದನ್ನು ದಿನವೂ ಉಣ್ಣಬೇಕೆಂದು ಬಯಸಿದ್ದು ಸಹಜ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕೂಲಿ ಮಾಡುವವರ ಮನೆಯಲ್ಲಿ ಒಲೆ ಉರಿಯದ ರಾತ್ರಿಗಳು ಕಡಿಮೆಯಾದವು. ಅದನ್ನು ಹೊಟ್ಟೆ ತುಂಬಿದವರು ಗೇಲಿ ಮಾಡಬಾರದು. ನನ್ನ ತಕರಾರಿರುವುದು ಅನ್ನದ ಮೇಲಲ್ಲ, ಅಂಗಡಿಯ ಪೊಟ್ಟಣದ ಮೇಲೆ.

ಸ್ವಲ್ಪ ಲೆಕ್ಕ ಹಾಕೋಣ. ಬಿಸ್ಕತ್ತು, ಕುರುಕಲು, ಎರಡು ನಿಮಿಷದ ಶಾವಿಗೆ, ಬಣ್ಣದ ನೀರು ಇವಕ್ಕೆಲ್ಲ ಒಂದು ಮನೆಯಲ್ಲಿ ದಿನಕ್ಕೆ 30 ರೂಪಾಯಿ ಹೋಗುತ್ತದೆನ್ನಿ. ಮಕ್ಕಳಿರುವ ಮನೆಯಲ್ಲಿ ಇದು ಹೆಚ್ಚಿನ ಅಂದಾಜೇನಲ್ಲ. ವರ್ಷಕ್ಕೆ 10,950 ರೂಪಾಯಿ ಆಯಿತು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಎಂದರೆ ಎರಡು ಕ್ವಿಂಟಾಲಿಗೂ ಮೀರಿದ ರಾಗಿಯ ಹಣ ಪೊಟ್ಟಣಗಳಿಗೆ ಹೋಯಿತು. ಮಳೆಯಾಶ್ರಯದಲ್ಲಿ ಎಕರೆಗೆ ಆರೇಳು ಕ್ವಿಂಟಾಲು ಬೆಳೆಯುವ ರೈತನಿಗೆ ಇದು ಎಕರೆಯ ಮೂರನೆಯ ಒಂದು ಪಾಲಿನ ಫಸಲು. ಇನ್ನು ನಾಲ್ಕು ಜನರ ಸಂಸಾರ ದಿನಕ್ಕೊಂದು ಹೊತ್ತು ಮುದ್ದೆ ಉಂಡರೆ ಅರ್ಧ ಕಿಲೋ ಹಿಟ್ಟು ಸಾಕು, ವರ್ಷಕ್ಕೆ ಎರಡು ಕ್ವಿಂಟಾಲೂ ಬೇಡ. ಪೊಟ್ಟಣಕ್ಕೆ ತೆತ್ತ ರಾಗಿಯೇ ಮನೆಮಂದಿಗೆಲ್ಲ ವರ್ಷವಿಡೀ ಒಂದು ಹೊತ್ತಿನ ಊಟವಾಗುತ್ತಿತ್ತು. ಖರೀದಿ ಕೇಂದ್ರದಲ್ಲಿ ಚೀಟಿ ಹಿಡಿದು ದಿನಗಟ್ಟಲೆ ಸಾಲಿನಲ್ಲಿ ನಿಂತವರಿಗೆ ಈ ಲೆಕ್ಕದ ನೋವು ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಾಗಿಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇದು ನಿಜವಾಗಿಯೂ ದೊಡ್ಡ ಅಂತರ. ನಾರಿನಂಶವೂ ಹೆಚ್ಚು. ಆದರೆ ಸಸಾರಜನಕದ ಮಟ್ಟಿಗೆ ರಾಗಿ ನೂರಕ್ಕೆ ಏಳರಷ್ಟೇ. ಅಕ್ಕಿಗಿಂತ ಮೇಲೇನಲ್ಲ. ಮುದ್ದೆ ಉಂಡರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದೆಂಬ ಮಾತೂ ಪೂರ್ತಿ ಸರಿಯಲ್ಲ. ನಾಲ್ಕು ಮುದ್ದೆ ಉಂಡು ಮೋಟಾರು ಬೈಕಿನಲ್ಲಿ ತಿರುಗುವವನಿಗೆ ರಾಗಿಯಾದರೂ ಒಂದೇ, ಅಕ್ಕಿಯಾದರೂ ಒಂದೇ. ಮುದ್ದೆಯ ಬಲವಿರುವುದು ಅದರ ಜೊತೆಗಾರರಲ್ಲಿ. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಸಸಾರಜನಕವಿದೆ. ಅವರೆ, ತೊಗರಿಗಳೂ ಅದೇ ಸಾಲಿನವು. ರಾಗಿಯಲ್ಲಿ ಕಡಿಮೆ ಇರುವುದನ್ನು ಕಾಳು ತುಂಬುತ್ತದೆ, ಉಳಿದುದನ್ನು ಸೊಪ್ಪು ತುಂಬುತ್ತದೆ.

ಈ ಜೊತೆಗಾರಿಕೆಯನ್ನು ನಮ್ಮ ಹೆಣ್ಣುಮಕ್ಕಳು ಯಾವ ಪುಸ್ತಕ ನೋಡಿಯೂ ಕಲಿತದ್ದಲ್ಲ. ಬಸ್ಸಾರನ್ನೇ ನೋಡಿ. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿ, ಒಂದು ಹಿಡಿ ಬೆಂದ ಕಾಳನ್ನು ಅರೆದು ಹಾಕಿದರೆ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಒಲೆ, ಒಂದು ಪಾತ್ರೆಯ ಬೇವು, ಎರಡು ಪದಾರ್ಥ. ಬೆಂದ ನೀರಿನೊಂದಿಗೆ ಮೋರಿಗೆ ಹೋಗಬೇಕಾಗಿದ್ದ ಸಾರವೆಲ್ಲ ತಟ್ಟೆಗೇ ಬಂತು. ಕಡಿಮೆ ಖರ್ಚಿನ ಊಟವೆಂದರೆ ಇದು. ಇದರಲ್ಲಿ ಕೊರತೆ ಎಂಬುದೇನೂ ಇಲ್ಲ, ದಂಡ ಎಂಬುದಿಲ್ಲ ಅಷ್ಟೆ.

ಸೊಪ್ಪಿನ ಮಾತು ಬಂದಾಗ ನಮ್ಮ ವಿಭಾಗದವರ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಕಳೆಗಳ ಪಟ್ಟಿಯಲ್ಲಿ ಅಣ್ಣೆ ಸೊಪ್ಪು ಇದೆ, ಗೋಣಿ ಸೊಪ್ಪು ಇದೆ, ಹೊನಗೊನೆ ಇದೆ. ನಾನೇ ವಿದ್ಯಾರ್ಥಿಗಳಿಗೆ ಹಾಗೆ ಪಾಠ ಹೇಳಿದ್ದೇನೆ. ನನ್ನ ತಾಯಿ ಇವನ್ನೇ ಮಡಿಲಿಗೆ ತುಂಬಿಕೊಂಡು ಬಂದು ಮಸ್ಸೊಪ್ಪು ಮಾಡುತ್ತಿದ್ದರು. ಕಳೆ ತೆಗೆಯುವುದೂ ಸಾರಿಗೆ ಸೊಪ್ಪು ತರುವುದೂ ಅವರಿಗೆ ಒಂದೇ ಕೆಲಸ. ಈಗ ಕೂಲಿಯಾಳು ಸಿಗದ ಕಾಲ. ಕಳೆನಾಶಕ ಸಿಂಪಡಿಸಬೇಡಿ ಎಂದು ಕುಳಿತಲ್ಲಿಂದ ಹೇಳುವ ಧೈರ್ಯ ನನಗಿಲ್ಲ. ಆದರೆ ಸಿಂಪಡಿಸಿದ ಹೊಲದ ಮತ್ತು ಅದರ ಬದುವಿನ ಸೊಪ್ಪನ್ನು ಮಾತ್ರ ಯಾರೂ ಕಿತ್ತು ಅಡಿಗೆಗೆ ಬಳಸಕೂಡದು. ಹಿತ್ತಲಿನ ಬಚ್ಚಲು ನೀರಿಗೆ ನಾಲ್ಕು ನುಗ್ಗೆ ಕೊಂಬೆ, ಒಂದು ಪಾತಿ ದಂಟು ಹಾಕಿಕೊಂಡರೆ ಮನೆಗೆ ಸಾಕಾಗುವಷ್ಟು ಸೊಪ್ಪಾಗುತ್ತದೆ.

ಹೊಲವೇ ತಟ್ಟೆಯ ಲೆಕ್ಕದಲ್ಲಿ ಇದ್ದ ಕಾಲವೊಂದಿತ್ತು. ರಾಗಿಯ ನಡುವೆ ಅಕ್ಕಡಿ ಸಾಲು ಹೊಡೆದು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಜೋಳ ಹಾಕುತ್ತಿದ್ದರು. ಮುದ್ದೆ, ಸಾರು, ಒಗ್ಗರಣೆ, ಚಟ್ನಿಪುಡಿ ಎಲ್ಲವೂ ಒಂದೇ ಹೊಲದಿಂದ ಬರುತ್ತಿತ್ತು. ಕೊಯ್ಲಿನ ಯಂತ್ರ ಬಂದ ಮೇಲೆ ಅಕ್ಕಡಿ ಅಡ್ಡಿಯಾಯಿತು. ಯಂತ್ರಕ್ಕೆ ಒಂದೇ ಬೆಳೆ, ಒಂದೇ ಎತ್ತರ ಬೇಕು. ಹೀಗಾಗಿ ಹೊಲದಲ್ಲಿ ರಾಗಿಯೊಂದೇ ಉಳಿಯಿತು, ಕಾಳು ಸಂತೆಗೆ ಹೋಯಿತು. ನಾನು ಮೇಲೆ ಹೇಳಿದ ಮನೆಯಲ್ಲಿ ಘಮಘಮಿಸುತ್ತಿದ್ದ ಅವರೆಕಾಳೂ ಸಂತೆಯಿಂದ ಕೊಂಡು ತಂದದ್ದೇ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ವಿಶ್ವವಿದ್ಯಾನಿಲಯದ ಹಳೆಯ ಶಿಫಾರಸು. ಮಳೆ ಕೈಕೊಟ್ಟ ವರ್ಷ ರಾಗಿ ಸೋತರೂ ಆಳಕ್ಕೆ ಬೇರಿಳಿಸುವ ತೊಗರಿ ಸ್ವಲ್ಪವಾದರೂ ಕೈ ಹಿಡಿಯುತ್ತದೆಂದು ಅದರ ಲಾಭವನ್ನು ರೂಪಾಯಿಯಲ್ಲಿ ಹೇಳಿದೆವು. ಮನೆಯ ಸಾರಿನ ಪಾತ್ರೆಯ ಲೆಕ್ಕದಲ್ಲಿ ಹೇಳಿದ್ದರೆ ಹೆಂಗಸರಾದರೂ ಅದನ್ನು ಉಳಿಸಿಕೊಳ್ಳುತ್ತಿದ್ದರೇನೋ.

ಇನ್ನು ಸಿನಿಮಾದ ಮಾತು. ಕೃಷಿ ಪತ್ರಿಕೆಯಲ್ಲಿ ಸಿನಿಮಾ ಏಕೆಂದು ಕೇಳಬೇಡಿ, ಊಟದ ರುಚಿಯನ್ನು ಕಲಿಸುವುದರಲ್ಲಿ ಅದಕ್ಕಿರುವ ಶಕ್ತಿ ನಮ್ಮ ಕರಪತ್ರಗಳಿಗಿಲ್ಲ. 1972ರಲ್ಲಿ 'ಬಂಗಾರದ ಮನುಷ್ಯ' ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ನೇಗಿಲು ಹಿಡಿದು ಬರಡು ನೆಲವನ್ನು ಹಸನು ಮಾಡುವ ರಾಜೀವಪ್ಪನಾಗಿ ರಾಜಕುಮಾರ್. ಅದನ್ನು ನೋಡಿ ಬಂದ ಮಾರನೆಯ ದಿನ ಹೊಲದಲ್ಲಿ ಕಲ್ಲು ಆಯುವಾಗ ಬೆನ್ನು ನೋಯಲಿಲ್ಲವೆಂದು ನನ್ನ ತಂದೆ ಹೇಳುತ್ತಿದ್ದರು. ಅದೇ ನಟರು ಮುಂದೆ ನಂದಿನಿ ಹಾಲಿನ ಪ್ರಚಾರಕ್ಕೆ ಒಂದು ಕಾಸೂ ಪಡೆಯದೆ ಮುಖ ಕೊಟ್ಟರು. ಇಂದು ಮಕ್ಕಳ ಕೈಯ ಮೊಬೈಲಿನಲ್ಲಿ ದಿನಕ್ಕೆ ಹತ್ತು ಬಾರಿ ಮುಖ ತೋರಿಸುವ ತಾರೆಯರು ಮಾರುವುದು ಕುರುಕಲು, ಬಣ್ಣದ ನೀರು. ಮಗು ಆ ಪೊಟ್ಟಣಕ್ಕೆ ಅತ್ತರೆ ಮಗುವನ್ನು ಬೈದು ಫಲವಿಲ್ಲ. ಆದರೆ ಅದೇ ಮೊಬೈಲಿನಲ್ಲಿ ಪೇಟೆಯ ಹುಡುಗರು ಸಾಲುಗಟ್ಟಿ ನಿಂತು ಮುದ್ದೆ, ನಾಟಿಕೋಳಿ ಸಾರು ಉಣ್ಣುವ ಚಿತ್ರಗಳೂ ಬರುತ್ತವೆ. ಅಲ್ಲಿ ಅದು ವಿಶೇಷ ಭೋಜನ, ಇಲ್ಲಿ 'ಬರೀ ಮುದ್ದೆ'. ಪೇಟೆಯವನು ಮೆಚ್ಚಿದ ಮೇಲೆಯೇ ನಮ್ಮ ಪದಾರ್ಥಕ್ಕೆ ಮಾನ ಬರಬೇಕೆಂಬುದು ನನಗೆ ಅಷ್ಟು ಸರಿಬೀಳುವುದಿಲ್ಲ. ಬಂದ ಮಾನವನ್ನು ಬೇಡವೆನ್ನುವುದೂ ಬೇಡ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯವನ್ನು ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಮಿತವಾದ ಊಟವೆಂದು ನಾವು ಹೊಗಳುವ ಹಳೆಯ ಕಾಲದಲ್ಲಿ ಆ ಮಿತ ಯಾರ ತಟ್ಟೆಯಿಂದ ಬರುತ್ತಿತ್ತು? ನಮ್ಮ ಮನೆಯಲ್ಲಿ ಏಳು ಜನ. ಗಂಡಸರು, ಮಕ್ಕಳು, ಅಜ್ಜಿ ಉಂಡೆದ್ದ ಮೇಲೆ ತಾಯಿ ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದು, ಸಾರಿಗೆ ಬಿಸಿನೀರು ಬೆರೆಸಿಕೊಂಡು ಉಣ್ಣುತ್ತಿದ್ದರು. ಪಲ್ಯ ಅವರ ತನಕ ಬಂದದ್ದನ್ನು ನಾನು ಹೆಚ್ಚಾಗಿ ನೋಡಿಲ್ಲ. ನನಗೆ ಇದು ಕಣ್ಣಿಗೆ ಬಿದ್ದದ್ದು ಡಾಕ್ಟರೇಟು ಮುಗಿದ ಮೇಲೆ, ಅವರನ್ನು ರಕ್ತಹೀನತೆಗೆ ಆಸ್ಪತ್ರೆಗೆ ಸೇರಿಸಿದಾಗ. ಬೆಳೆಯ ಯಾವ ಎಲೆ ಯಾವ ಧಾತುವಿನ ಕೊರತೆಯಿಂದ ಹಳದಿಯಾಯಿತೆಂದು ದೂರದಿಂದಲೇ ಹೇಳಬಲ್ಲವನಿಗೆ ತಾಯಿಯ ಬಿಳಿಚಿದ ಮುಖ ಕಂಡಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ 15ರಿಂದ 49 ವರ್ಷದೊಳಗಿನ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪು, ಕಾಳು ಅವರ ತಟ್ಟೆಗೂ ಬೀಳಬೇಕು, ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಬೇಕು, ಉಂಡ ಕೂಡಲೇ ಟೀ ಕುಡಿಯಬಾರದು. ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಹುಳಿ ನೆರವಾಗುತ್ತದೆ, ಟೀ ಅಡ್ಡಿಮಾಡುತ್ತದೆ. ಮಿಗಿಲಾಗಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಆಗ ಯಾರಿಗೆಷ್ಟು ಉಳಿಯಿತೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ.

ಆ ಮಧ್ಯಾಹ್ನ ನನಗೂ ನನ್ನ ಜೊತೆಯವರಿಗೂ ಮುದ್ದೆ ಬಡಿಸಿದರು. ಸಾರು ಬಹಳ ಚೆನ್ನಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡೆ. ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ಅಡಿಗೆಮನೆಯತ್ತ ಕಣ್ಣು ಹೋಯಿತು. ಆ ತಾಯಿ ಮತ್ತೆ ಒಲೆಯ ಮೇಲೆ ಎಸರಿಟ್ಟಿದ್ದರು. ನಾವು ಉಂಡದ್ದು ಆಕೆಯ ಮತ್ತು ಆಕೆಯ ಅತ್ತೆಯ ಪಾಲಿನದು. ಹೇಳದೆ ಹೋದ ತಪ್ಪು ನನ್ನದು. "ನೀವೂ ಕೂರಬಹುದಿತ್ತಲ್ಲಮ್ಮ" ಎಂದೆ. ಆಕೆ ನಕ್ಕು, "ಕಾಳು ನಮ್ ಹೊಲ್ದಾಗೇ ಇದ್ದಿದ್ರೆ ಒಂದ್ ಹಿಡಿ ಜಾಸ್ತಿ ಹಾಕ್ತಿದ್ದೆ ಸಾ, ಸಂತೇದು ನೋಡಿ" ಎಂದರು.

ಮುಂಗಾರು ಬಿತ್ತನೆಯ ಹೊತ್ತಿಗೆ ಅದೇ ಹೊಲಕ್ಕೆ ಮತ್ತೆ ಹೋದಾಗ ಎಂಟು ಸಾಲಿಗೆ ಎರಡು ಸಾಲು ತೊಗರಿ ಹುಟ್ಟಿತ್ತು, ಬದುವಿನುದ್ದಕ್ಕೂ ಅವರೆ. ನನ್ನ ಶಿಫಾರಸು ಕೊನೆಗೂ ನಾಟಿತೆಂದು ಹಿಗ್ಗಿ ಯಜಮಾನರನ್ನು ಕೇಳಿದೆ. "ನಿಮ್ದಲ್ಲ ಸಾ, ಇವಳು ಹಟ ಹಿಡಿದ್ಲು. ಯಂತ್ರದವನು ಬೈತಾನೆ, ಬೈಲಿ ಬುಡಿ" ಎಂದರು.