ಸಂಜೆ ಹುಡುಗ ಎಲ್ಲಿಗೆ ಹೋಗಬೇಕು?

ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣ ಬೇಡವೆಂದು ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಕಾನೂನು ಜಾರಿಗೆ ತಂದಿತು. ನಮ್ಮ ಹೈಕೋರ್ಟ್ ಅದಕ್ಕೂ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಶಾಲಾ ಮಕ್ಕಳಿಗೆ ಜಾಲತಾಣ ನಿಷೇಧಿಸಿದರೆ ಒಳ್ಳೆಯದೆಂಬ ಅರ್ಥದ ಮಾತಾಡಿತ್ತು. ಅಲ್ಲಿಂದೀಚೆಗೆ ಎಲ್ಲರ ಬಾಯಲ್ಲೂ ಒಂದೇ ಮಂತ್ರ: ನಿಷೇಧಿಸಿ. ಚಳ್ಳಕೆರೆಯ ವರವು ಕಾವಲಿನ ಅಂಚಿನ ಹಟ್ಟಿಗಳಲ್ಲಿ ನಿಂತು ಈ ಮಂತ್ರ ಕೇಳಿದರೆ ಸಿಟ್ಟು ಬರುತ್ತದೆ.

ಅಮೃತಮಹಲ್ ರಾಸುಗಳಿಗೆಂದು ಮೈಸೂರು ಅರಸರ ಕಾಲದಿಂದ ಉಳಿದು ಬಂದ ಹುಲ್ಲುಗಾವಲು ಇದು. ಕುರಿ ಹಿಂದೆ ಹೋದ ಹುಡುಗರು ಇಲ್ಲೇ ಆಡಿ ಬೆಳೆದರು. ಈಗ 4,000ಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪಾಲು. ಅದರ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ದೇಶಕ್ಕೆ ರಕ್ಷಣೆ ಬೇಡವೆನ್ನುವವನಲ್ಲ ನಾನು. ಆದರೆ ಕಾವಲಿಗೆ ಗೋಡೆ ಎಬ್ಬಿಸಿದವರು ಆ ಹುಡುಗರಿಗೆ ಬದಲಿ ಬಯಲು ತೋರಿಸಬೇಕಿತ್ತು.

ಮನೆಯ ಕಥೆ ಇನ್ನೊಂದು. ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬೆಂಗಳೂರು ಸೇರುತ್ತಾರೆ. ಹುಡುಗ ಅಜ್ಜಿಯ ಜೊತೆ ಉಳಿಯುತ್ತಾನೆ. ರಾತ್ರಿ ಮಾತಾಡಲೆಂದು ಕೊಡಿಸಿದ ಮೊಬೈಲೇ ಅವನಿಗೆ ತಾಯಿ ತಂದೆ. ಸಿಮ್ ಇರುವುದು ಅಜ್ಜಿಯ ಹೆಸರಲ್ಲಿ. ಕಾನೂನು ಬಂದು ವಯಸ್ಸು ಕೇಳಿದರೆ ಎಪ್ಪತ್ತು ಎನ್ನುತ್ತಾನೆ, ಮುಗಿಯಿತು.

ಇನ್ನು ಶಾಲೆ. 2020ರಲ್ಲಿ ಬಾಗಿಲು ಮುಚ್ಚಿ, ಮೊಬೈಲಿನಲ್ಲೇ ಕಲಿಯಿರಿ ಎಂದದ್ದು ಇದೇ ವ್ಯವಸ್ಥೆ. ಕಲಿತರು! ಶಿಕ್ಷಣದ ಸ್ಥಿತಿ ಅಳೆಯುವ ‘ಅಸರ್’ನ 2024ರ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16ರ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಜಾಲತಾಣಕ್ಕೆ ಶೇ 76. ರೀಲ್ಸ್ ತೋರಿಸುವ ಕಂಪನಿಗಳು ಮಕ್ಕಳನ್ನು ಕಟ್ಟಿಹಾಕಲೆಂದೇ ದುಡಿಯುತ್ತವೆ, ನಿಜ. ಅವಕ್ಕೆ ಮೂಗುದಾರ ಹಾಕಿ. ಮೊಬೈಲ್ ಗೀಳು ಹತ್ತಿದ ಮಗುವಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಆದರೆ ಅದು ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರ, ಕೂಲಿ ಬಿಟ್ಟು ಹೋಗಬೇಕು.

ಶಾಲೆಯ ಗೇಟಿಗೆ ಸಂಜೆ ಬೀಳುವ ಬೀಗ ಮೊದಲು ತೆಗೆಯಿರಿ, ಮಕ್ಕಳು ಆಡಲಿ. ‘ಓದುವ ಬೆಳಕು’ ಎಂದು 2020ರಲ್ಲಿ ಮಕ್ಕಳಿಗೆ ಸದಸ್ಯತ್ವ ಕೊಟ್ಟ ಪಂಚಾಯಿತಿ ಗ್ರಂಥಾಲಯ ರಾತ್ರಿ ಎಂಟರವರೆಗೂ ತೆರೆದಿರಲಿ. ಹತ್ತಿರದ ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದಲ್ಲ, ಆ ಪ್ರಯೋಗಾಲಯ ವಾರಕ್ಕೊಂದು ಸಂಜೆ ಹಟ್ಟಿಯ ಮಕ್ಕಳಿಗೂ ಸಿಗಲಿ. ಗೇಟಿನಲ್ಲಿ ಮೊಬೈಲ್ ಇಸಕೊಂಡೇ ಒಳಗೆ ಬಿಡಿ. ತಕರಾರು ಬಂದರೆ ನನ್ನನ್ನು ಕೇಳಿ.